ಇದ್ದಿಲಿನ ಟ್ಯಾಂಕಿನಲ್ಲಿ ಹತ್ತು ನಿಮಿಷ: ನೀರಿನಿಂದ ಹಠಮಾರಿ ರಾಸಾಯನಿಕ ತೆಗೆಯುವ ಪಾಠದ ಟಿಪ್ಪಣಿ

ಮಳೆಗಾಲ ಬಂದರೆ ನಮ್ಮ ಮನೆಯಲ್ಲಿ ನೀರಿಗೆ ಒಂದೇ ಮದ್ದು: ಕುದಿಸು. ಹೊಳೆ ಕೆಂಪಾಗಲಿ, ಬಾವಿ ತುಂಬಿ ಬರಲಿ, ಕುದಿಸು. ರೋಗಾಣುಗಳಿಗೆ ಅದು ಸರಿಯಾದ ಮದ್ದೇ. ಗಾಡಿಯ ಮೇಲೆ ಸಾಗಿಸುವ ನೀರು ಶುದ್ಧೀಕರಣ ಘಟಕದ ಈ ಪಾಠದ ಸರಕು ಮಾತ್ರ ಬೇರೆ. ಪಿಎಫ್‌ಎಎಸ್, ಬಾಯಿಮಾತಿನಲ್ಲಿ ಪಿಫಾಸ್, ಎಂಬ ರಾಸಾಯನಿಕಗಳ ಗುಂಪು ಒಲೆಗೆ ಜಗ್ಗುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಪಿಫಾಸ್ ಪಾತ್ರೆಯಲ್ಲೇ ಉಳಿಯುತ್ತದೆ. ಅಂದರೆ ಕುದಿಸಿದಷ್ಟೂ ಜಾಸ್ತಿ ಗಟ್ಟಿ. ಬ್ಲೀಚಿಂಗ್ ಪೌಡರ್, ಯುವಿ ದೀಪ ಇವಕ್ಕೂ ಅದು ಕ್ಯಾರೇ ಅನ್ನುವುದಿಲ್ಲ.

ಕಾರಣ ಕಾರ್ಬನ್ ಮತ್ತು ಫ್ಲೋರಿನ್ ನಡುವಿನ ಬಂಧ. ಸಾವಯವ ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಗಟ್ಟಿಯಾದ ಒಂಟಿ ಬಂಧ ಸಿಗುವುದು ಕಷ್ಟ. ಅಂಟದ ಬಾಣಲೆ, ನೀರು ಹೀರದ ಬಟ್ಟೆ, ಪೆಟ್ರೋಲ್ ಬೆಂಕಿ ಆರಿಸುವ ನೊರೆ, ಇವೆಲ್ಲ ಆ ಗಟ್ಟಿತನವನ್ನೇ ನಂಬಿ ಬಂದ ವಸ್ತುಗಳು. ಬಾಣಲೆಯಲ್ಲಿ ಗುಣವಾದದ್ದು ನೀರಿನಲ್ಲಿ ದೋಷವಾಯಿತು, ಅಷ್ಟೇ.

ಕೊಡಗಿನವರಿಗೆ ಇಂಥ ಹಠಮಾರಿಗಳು ಹೊಸಬರಲ್ಲ. ಕಾಫಿಯ ಕಾಯಿಕೊರಕಕ್ಕೆ ಎಂಡೋಸಲ್ಫಾನ್ ಹೊಡೆಯುತ್ತಿದ್ದ ಕಾಲ ತೋಟದ ಹಿರಿಯರಿಗೆ ನೆನಪಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಅದೇ ವರ್ಷ ಅದು, ಇಂಥ ಹಠಮಾರಿ ರಾಸಾಯನಿಕಗಳಿಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಸೇರಿತು. ಪಿಫಾಸ್ ಗುಂಪಿನ ಪಿಎಫ್‌ಒಎಸ್ ಆ ಪಟ್ಟಿಗೆ ಸೇರಿದ್ದು 2009ರಲ್ಲಿ, ಪಿಎಫ್‌ಒಎ 2019ರಲ್ಲಿ. ನಮ್ಮ ಹೊಳೆಯಲ್ಲಿ ಪಿಫಾಸ್ ಇದೆ ಎಂದು ನಾನು ಹೇಳುತ್ತಿಲ್ಲ. ತೆಗೆಯುವ ವಿಧಾನ ಕಲಿಯಲು ಇದು ಒಳ್ಳೆಯ ಪಾಠ, ಯಾಕೆಂದರೆ ಪಿಫಾಸ್ ಹಿಡಿಯುವ ಇದ್ದಿಲೇ (ಆಕ್ಟಿವೇಟೆಡ್ ಕಾರ್ಬನ್) ಹೆಚ್ಚುಕಡಿಮೆ ಕೀಟನಾಶಕಕ್ಕೂ ಬೇಕು.

ಪ್ರಮಾಣದ ಅಂದಾಜು ಮೊದಲು ತಲೆಗೆ ಹೋಗಬೇಕು. ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಎಂಡೋಸಲ್ಫಾನ್ ಮಿತಿ ಲೀಟರಿಗೆ 0.4 ಮೈಕ್ರೋಗ್ರಾಂ, ಅಂದರೆ 400 ನ್ಯಾನೋಗ್ರಾಂ. ಅಮೆರಿಕದ ಪರಿಸರ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಪಿಎಫ್‌ಒಎ ಮತ್ತು ಪಿಎಫ್‌ಒಎಸ್‌ಗೆ ಇಟ್ಟ ಮಿತಿ ತಲಾ 4 ನ್ಯಾನೋಗ್ರಾಂ. ನೂರು ಪಟ್ಟು ಬಿಗಿ. ಹಾರಂಗಿ ಜಲಾಶಯ ತುಂಬಿದಾಗ ಸುಮಾರು 8.5 ಟಿಎಂಸಿ, ಅಂದರೆ 24,000 ಕೋಟಿ ಲೀಟರ್ ನೀರು. ಲೆಕ್ಕ ಹಾಕಿ ನೋಡಿ: ಶುದ್ಧವಾಗಿದ್ದ ಅಷ್ಟೂ ನೀರು ಈ ಮಿತಿ ಮುಟ್ಟಲು ಒಂದು ಕಿಲೋಗಿಂತ ಸ್ವಲ್ಪ ಕಡಿಮೆ ಪಿಎಫ್‌ಒಎ ಸಾಕು. ಒಂದು ಕಾಫಿಪುಡಿ ಪ್ಯಾಕೆಟ್‌ನಷ್ಟು! ಹಾಗಾಗಿ ಮನೆಯಲ್ಲಿರುವ ಟಿಡಿಎಸ್ ಮೀಟರ್ ಅದ್ದಿ "ನೀರು ಶುದ್ಧ" ಅನ್ನುವವರ ಮಾತು ಇಲ್ಲಿ ನಡೆಯುವುದಿಲ್ಲ. ಆ ಮೀಟರ್ ಎಣಿಸುವುದು ಮಿಲಿಗ್ರಾಂ ಲೆಕ್ಕದ ಉಪ್ಪನ್ನು.

ಗಾಡಿಯ ಮೇಲಿನ ಸಾಲು

ಸಾಗಿಸುವ ಘಟಕ ಎಂದರೆ ಟ್ರೇಲರ್ ಮೇಲೋ ಕಂಟೇನರ್ ಒಳಗೋ ಕೂರಿಸಿದ ಟ್ಯಾಂಕುಗಳ ಸಾಲು. 2018ರಲ್ಲಿ ಗುಡ್ಡ ಕುಸಿದಾಗಿನಂತೆ ರಸ್ತೆ, ಪೈಪು ಎರಡೂ ಹೋದ ಕಡೆ ಇಂಥದ್ದು ಬೇಕು. ಸಾಲಿನ ಕ್ರಮ ಪರೀಕ್ಷೆಗೆ ಬಾಯಿಪಾಠ ಮಾಡಬೇಡಿ, ಕಾರಣ ಹಿಡಿದರೆ ಕ್ರಮ ತಾನೇ ಬರುತ್ತದೆ. ಮೊದಲು ಪಟಿಕ ಹಾಕಿ ಮಣ್ಣು ಕೂರಿಸುವುದು, ಆಮೇಲೆ ಮರಳು ಅಥವಾ ಕಾರ್ಟ್ರಿಡ್ಜ್ ಫಿಲ್ಟರ್. ಇಲ್ಲದಿದ್ದರೆ ಇದ್ದಿಲಿನ ಹಾಸು ಕೆಸರು ಕಟ್ಟಿಕೊಳ್ಳುತ್ತದೆ. ನಂತರ ಇದ್ದಿಲು. ಬೇಕಾದರೆ ಅದರ ಹಿಂದೆ ರೆಸಿನ್, ಅಂದರೆ ಅಯಾನು ಬದಲಿಸಿಕೊಳ್ಳುವ ಸಣ್ಣ ಪ್ಲಾಸ್ಟಿಕ್ ಮಣಿಗಳು. ಕ್ಲೋರಿನ್ ಕೊನೆಗೆ. ಮೊದಲೇ ಹಾಕಿದರೆ ಇದ್ದಿಲು ಅದನ್ನು ನುಂಗಿಬಿಡುತ್ತದೆ, ಉಳಿದದ್ದು ರೆಸಿನ್ ಅನ್ನು ಹಾಳು ಮಾಡುತ್ತದೆ. ಜೊತೆಗೆ ಇದ್ದಿಲಿನ ಹಾಸಿನಲ್ಲಿ ಬ್ಯಾಕ್ಟೀರಿಯಾ ಸಂಸಾರ ಹೂಡುತ್ತವೆ, ಅವನ್ನು ಕೊನೆಯಲ್ಲಿ ಕೊಲ್ಲಲೇಬೇಕು.

ಹತ್ತು ನಿಮಿಷದ ವಿಷಯ

ನಾನು ಜಾಸ್ತಿ ಒದ್ದಾಡಿದ್ದು ಇಲ್ಲೇ. ತೆಂಗಿನ ಕರಟದಿಂದಲೋ ಕಲ್ಲಿದ್ದಲಿನಿಂದಲೋ ಮಾಡಿದ ಆಕ್ಟಿವೇಟೆಡ್ ಕಾರ್ಬನ್ ಒಂದು ಗ್ರಾಂನಲ್ಲಿ ಸುಮಾರು ಸಾವಿರ ಚದರ ಮೀಟರ್ ಒಳಮೈ ಇರುತ್ತದೆ. ಅಷ್ಟು ಜಾಗ ಇದ್ದಮೇಲೆ ನೀರು ಸುಮ್ನೆ ಹಾದುಹೋದರೆ ಸಾಕಲ್ವಾ ಎಂದುಕೊಂಡಿದ್ದೆ. ಸಾಲದು. ಆ ಜಾಗವೆಲ್ಲ ಸಣ್ಣ ಸಣ್ಣ ರಂಧ್ರಗಳ ಒಳಗಿದೆ. ಅಣು ಒಳಗೆ ನುಸುಳಲು ಸಮಯ ಬೇಕು. ಪಿಫಾಸ್‌ಗೆ ಸಾಮಾನ್ಯವಾಗಿ ಸುಮಾರು 10 ನಿಮಿಷ ಹಿಡಿಯುತ್ತಾರೆ. ರೆಸಿನ್‌ಗೆ ಎರಡು ಮೂರು ನಿಮಿಷ ಸಾಕು.

ಲೆಕ್ಕ ಸುಲಭ: ಹಾಸಿನ ಗಾತ್ರವನ್ನು ಹರಿವಿನಿಂದ ಭಾಗಿಸಿ. 500 ಲೀಟರ್ ಇದ್ದಿಲು, ನಿಮಿಷಕ್ಕೆ 50 ಲೀಟರ್ ನೀರು, ಹತ್ತು ನಿಮಿಷ ಸಿಕ್ಕಿತು. ಗಂಟೆಗೆ 3,000 ಲೀಟರ್. ತುರ್ತು ಶಿಬಿರಗಳಿಗೆ ಲೆಕ್ಕ ಹಾಕುವಂತೆ ಒಬ್ಬರಿಗೆ ದಿನಕ್ಕೆ 15 ಲೀಟರ್ ಎಂದರೂ 400 ಜನರಿಗೆ ಎರಡು ಗಂಟೆಯ ಕೆಲಸ. ಈಗ ಕೊಡ ಹಿಡಿದವರ ಸಾಲು ಉದ್ದವಾಯಿತು ಎಂದು ಯಾರೋ ವಾಲ್ವ್ ತಿರುಗಿಸಿ 150 ಲೀಟರ್ ಬಿಟ್ಟರು ಅಂದುಕೊಳ್ಳಿ. ಸಮಯ ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ ಇಳಿಯಿತು. ನೀರು ಅಷ್ಟೇ ತಿಳಿ, ಅಷ್ಟೇ ರುಚಿ. ಕೆಟ್ಟದ್ದು ಕಣ್ಣಿಗೆ ಕಾಣುವುದೇ ಇಲ್ಲ.

ಇದ್ದಿಲನ್ನು ಮಡಿಕೇರಿಯಿಂದ ವಿರಾಜಪೇಟೆಗೆ ಹೊರಟ ಸರ್ಕಾರಿ ಬಸ್ ಎಂದುಕೊಳ್ಳಿ. ಸೀಟು ಇಷ್ಟೇ. ಮಳೆಗಾಲದಲ್ಲಿ ಎಲೆ ಕೊಳೆತು ಟೀ ಬಣ್ಣಕ್ಕೆ ತಿರುಗಿದ ನೀರಿನ ಸಾವಯವ ಅಂಶವೇ ಅರ್ಧ ಸೀಟು ಹಿಡಿಯುತ್ತದೆ. ಹಾಗಾಗಿ ಅದೇ ಇದ್ದಿಲು ಬೇಸಿಗೆಯಷ್ಟು ದಿನ ಬಾಳುವುದಿಲ್ಲ. ಇನ್ನೊಂದು ತಮಾಷೆ ಇದೆ. ಉದ್ದ ಕಾರ್ಬನ್ ಸರಪಳಿಯ ಪಿಎಫ್‌ಒಎಸ್ ಗಟ್ಟಿಯಾಗಿ ಕೂರುತ್ತದೆ, ಅದೇ ಗುಂಪಿನ ಗಿಡ್ಡ ಸರಪಳಿಯ ಪಿಎಫ್‌ಬಿಎ ಸೀಟಿನ ತುದಿಯಲ್ಲಿ ಕೂರುತ್ತದೆ. ದೊಡ್ಡವರು ಬಂದಾಗ ಚಿಕ್ಕವರು ಎದ್ದು ಇಳಿಯಬೇಕು. ಆಗ ಒಳಗೆ ಹೋದದ್ದಕ್ಕಿಂತ ಹೊರಗೆ ಬರುವ ನೀರಿನಲ್ಲೇ ಪಿಎಫ್‌ಬಿಎ ಜಾಸ್ತಿ ಕಾಣಬಹುದು. ಮೊದಲು ಓದಿದಾಗ ಅಚ್ಚಿನ ತಪ್ಪು ಎಂದುಕೊಂಡಿದ್ದೆ.

ಅದಕ್ಕೇ ಟ್ಯಾಂಕು ಎರಡು, ಒಂದರ ಹಿಂದೆ ಒಂದು. ಪರೀಕ್ಷೆಗೆ ನೀರಿನ ಮಾದರಿ ತೆಗೆಯುವುದು ಎರಡರ ನಡುವಿನ ನಲ್ಲಿಯಲ್ಲಿ. ಅಲ್ಲಿ ಪಿಫಾಸ್ ಕಾಣಿಸಿತೋ, ನೀರು ಮೊದಲು ಹೋಗುವ ಮುಂದಿನ ಟ್ಯಾಂಕಿನ ಸೀಟು ತುಂಬಿತು ಎಂದರ್ಥ. ಹಿಂದಿನದು ಇನ್ನೂ ಕಾಯುತ್ತಿರುತ್ತದೆ. ಮುಂದಿನದರ ಇದ್ದಿಲು ಬದಲಿಸಿ, ಹಿಂದಿನದನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದೆ ನಿಲ್ಲಿಸುತ್ತಾರೆ.

ಕಲಿಯಲೆಂದು ಪೈಪಿನಲ್ಲಿ ಕಟ್ಟಿದ ಪುಟ್ಟ ಘಟಕದಲ್ಲಿ ನಾವು ಮಾಡಿದ ಎಡವಟ್ಟು: ಒಣ ಇದ್ದಿಲಿಗೆ ನೇರ ನೀರು ಬಿಟ್ಟೆವು. ಮೊದಲ ಬಕೆಟ್ ಮಸಿಯಂತೆ ಕಪ್ಪು. ಒಳಗೆ ಗಾಳಿ ಸಿಕ್ಕಿಕೊಂಡು ನೀರು ಒಂದೇ ಪಕ್ಕದಲ್ಲಿ ದಾರಿ ಮಾಡಿಕೊಂಡಿತ್ತು. ಒಂದು ದಿನ ನೆನೆಸಿ, ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ಪುಡಿ ತೊಳೆದಮೇಲೆ ಸರಿಹೋಯಿತು.

ಮಾದರಿ ತೆಗೆಯುವಾಗ ಇನ್ನೊಂದು ಎಚ್ಚರ. ಟೆಫ್ಲಾನ್ ಇರುವ ಮುಚ್ಚಳ ಬೇಡ, ಪಾಲಿಪ್ರೊಪಿಲೀನ್ ಬಾಟಲಿ ಇರಲಿ. ನೀರು ಹೀರದ ರೈನ್‌ಕೋಟ್‌ನಲ್ಲೇ ಪಿಫಾಸ್ ಇರಬಹುದು. ಜುಲೈ ತಿಂಗಳಲ್ಲಿ ಭಾಗಮಂಡಲದಲ್ಲಿ ನಿಂತು ರೈನ್‌ಕೋಟ್ ಇಲ್ಲದೆ ಮಾದರಿ ತೆಗೆಯಿರಿ ಎನ್ನುವುದು ಪುಸ್ತಕ ಬರೆದವರಿಗೆ ಸುಲಭ! ಟಾರ್ಪಾಲಿನ ಕೆಳಗೆ ನಿಂತು ತೆಗೆಯಬಹುದು, ಜೊತೆಗೆ ಪಿಫಾಸ್ ಇಲ್ಲದ ನೀರಿನ ಒಂದು ಬಾಟಲಿಯನ್ನೂ ಅಲ್ಲೇ ತೆರೆದು ತುಂಬಿ ಲ್ಯಾಬಿಗೆ ಕಳಿಸಬೇಕು. ಅದರಲ್ಲೂ ಪಿಫಾಸ್ ಬಂದರೆ ತಪ್ಪು ಹೊಳೆಯದ್ದಲ್ಲ, ನಮ್ಮದು.

ತೆಗೆದದ್ದು ಎಲ್ಲಿಗೆ ಹೋಯಿತು?

ಇದ್ದಿಲು ಪಿಫಾಸ್ ಅನ್ನು ಒಡೆಯುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ರೆಸಿನ್ ಕ್ಲೋರೈಡ್ ಬಿಟ್ಟುಕೊಟ್ಟು ಅದನ್ನು ಕಟ್ಟಿಹಾಕುತ್ತದೆ. ಆರ್‌ಓ ಇನ್ನೂ ಚೆನ್ನಾಗಿ ತಡೆಯುತ್ತದೆ, ಗಿಡ್ಡ ಸರಪಳಿಯವನ್ನೂ. ಆದರೆ 100 ಲೀಟರ್ ಹಾಕಿ 60 ಲೀಟರ್ ಒಳ್ಳೆಯ ನೀರು ಪಡೆದರೆ, ಉಳಿದ 40 ಲೀಟರಿನಲ್ಲಿ ಪಿಫಾಸ್ ಸುಮಾರು ಎರಡೂವರೆ ಪಟ್ಟು ಗಟ್ಟಿ. ಅದನ್ನು ತೋಟದ ಕಣಿಗೆ ಬಿಟ್ಟರೆ ಕಣಿಯಿಂದ ತೋಡು, ತೋಡಿನಿಂದ ಕಾವೇರಿ. ಮೇಲೆ ನಾವು ಶುದ್ಧ ಮಾಡಿದ್ದು ಕೆಳಗೆ ಕುಶಾಲನಗರದವರ ಪಾಲಿಗೆ. ಗುಡ್ಡದ ಜಿಲ್ಲೆಗೆ ನಾನಾದರೆ ಇದ್ದಿಲನ್ನೇ ಆರಿಸುತ್ತೇನೆ. ಕರೆಂಟ್ ಕಡಿಮೆ ಸಾಕು, ಮತ್ತು ಕಸ ಚೀಲದಲ್ಲಿ ಕಟ್ಟಿಡುವಂಥದ್ದು.

ಹಳೆಯ ಇದ್ದಿಲು ಗೊಬ್ಬರದ ಗುಂಡಿಗೆ ಒಳ್ಳೆಯದಲ್ವಾ ಎಂದು ಗೆಳತಿಯೊಬ್ಬಳು ಕೇಳಿದಳು. ಒಲೆಯ ಇದ್ದಿಲಾದರೆ ಸರಿ. ಇದು ಬೇಡವೇ ಬೇಡ, ಕಾಫಿ ಬುಡಕ್ಕಂತೂ ಖಂಡಿತ ಬೇಡ. ಚೀಲದ ಮೇಲೆ ತಾರೀಕು, ಟ್ಯಾಂಕಿನ ನಂಬರ್ ಬರೆದು, ಮಳೆ ತಾಗದ ಕಡೆ ಇಟ್ಟು, ಹೆಚ್ಚಿನ ತಾಪದ ಕುಲುಮೆ ಇರುವ ಕಡೆಗೆ ವಾಪಸ್ ಕಳಿಸಬೇಕು. ಘಟಕ ತರಿಸುವ ಮೊದಲೇ ಆ ವಾಪಸ್ ಲಾರಿಯ ಬಾಡಿಗೆಯನ್ನೂ ಖರ್ಚಿನ ಪಟ್ಟಿಗೆ ಸೇರಿಸಿ.