‘ದಿ ಅಸೆಂಬ್ಲಿ’ ಒಂದೇ ಹಾಡಿಗೆ ನಿಂತದ್ದೇಕೆ?

ಓದುಗರ ಪ್ರಶ್ನೆ: ಬ್ರಿಟನ್ನಿನ ಪಾಪ್ ತಂಡ ಯಾಝೂ ಮುಗಿದ ಮೇಲೆ ಅದರ ಸಿಂಥಸೈಜರ್ ವಾದಕ ವಿನ್ಸ್ ಕ್ಲಾರ್ಕ್ ಕಟ್ಟಿದ ‘ದಿ ಅಸೆಂಬ್ಲಿ’ಯ ‘ನೆವರ್ ನೆವರ್’ ಅಷ್ಟು ಚೆನ್ನಾಗಿ ಓಡಿತಲ್ಲ, ಎರಡನೇ ಹಾಡು ಯಾಕೆ ಬರಲಿಲ್ಲ?

ಹಾಡು ಓಡಿದ್ದು ನಿಜ. 1983ರ ನವೆಂಬರಿನಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿತು. ಆದರೆ ತಂಡದ ಯೋಜನೆಯಲ್ಲೇ ತೊಡಕಿತ್ತು.

ಅಸೆಂಬ್ಲಿಯ ಕಾಯಂ ಸದಸ್ಯರು ಇಬ್ಬರೇ: ಡೆಪೆಷ್ ಮೋಡ್ ತಂಡ ಬಿಟ್ಟು ಯಾಝೂ ಕಟ್ಟಿದ್ದ ಕ್ಲಾರ್ಕ್ ಮತ್ತು ಎರಿಕ್ ರಾಡ್‌ಕ್ಲಿಫ್. ಲಂಡನ್ನಿನ ಹಳೇ ಚರ್ಚೊಂದರಲ್ಲಿದ್ದ ಬ್ಲ್ಯಾಕ್‌ವಿಂಗ್ ಸ್ಟುಡಿಯೊ ರಾಡ್‌ಕ್ಲಿಫ್ ಅವರದು. ಯಾಝೂವಿನ ಮೊದಲ ಆಲ್ಬಂ ‘ಅಪ್‌ಸ್ಟೇರ್ಸ್ ಅಟ್ ಎರಿಕ್ಸ್’ನಲ್ಲಿರುವ ಎರಿಕ್ ಇವರೇ. ಇಬ್ಬರಲ್ಲಿ ಯಾರೂ ಗಾಯಕರಲ್ಲ. ಹಾಡಿಗೊಬ್ಬ ಹೊಸ ಗಾಯಕರನ್ನು ಕರೆಸಿ ಪೂರ್ತಿ ಆಲ್ಬಂ ಮಾಡುವುದು ಅವರ ಆಸೆ. ಮೊದಲು ಬಂದವರು ಉತ್ತರ ಐರ್ಲೆಂಡಿನ ಡೆರಿಯ ಅಂಡರ್‌ಟೋನ್ಸ್ ತಂಡದಲ್ಲಿ ಹಾಡುತ್ತಿದ್ದ ಫಿಯರ್ಗಲ್ ಶಾರ್ಕಿ. ಆ ತಂಡವೂ ಅದೇ ವರ್ಷ ಒಡೆದಿತ್ತು.

ಇಂಥ ಯೋಜನೆ ಕಾಗದದ ಮೇಲೆ ಸುಲಭ. ಕಷ್ಟ ಎಲ್ಲಿ ಅಂತ ತಿಳಿಯಲು ಕ್ಲಾರ್ಕ್ ಆ ಕಾಲದಲ್ಲಿ ಬಳಸುತ್ತಿದ್ದ ರೋಲ್ಯಾಂಡ್ ಎಂಸಿ-4 ಸೀಕ್ವೆನ್ಸರನ್ನು, ಅಂದರೆ ಯಾವ ಸ್ವರ ಯಾವಾಗ ನುಡಿಯಬೇಕೆಂದು ಸಿಂಥಸೈಜರಿಗೆ ಹೇಳುವ ಯಂತ್ರವನ್ನು, ನೋಡಬೇಕು. ಅದರಲ್ಲಿ ಸ್ವರ ನುಡಿಸುವುದಿಲ್ಲ, ಅಂಕಿ ಒತ್ತುತ್ತಾರೆ. ಪ್ರತಿ ಸ್ವರಕ್ಕೂ ಮೂರು ಅಂಕಿ: ಎತ್ತರ, ಮುಂದಿನ ಸ್ವರಕ್ಕೆ ಇರುವ ಅಂತರ, ಸ್ವರ ನುಡಿಯುವ ಹೊತ್ತು. ಒಂದು ಬೀಟಿಗೆ 120 ಎಂದಿಟ್ಟರೆ ಕಾಲು ಬೀಟಿನ ಸ್ವರಕ್ಕೆ ಅಂತರ 30. ನುಡಿಯುವ ಹೊತ್ತು, ಅಂದರೆ ಗೇಟ್, 15 ಆದರೆ ಸ್ವರ ಅರ್ಧ ನುಡಿದು ಅರ್ಧ ಬಿಡುತ್ತದೆ. ಬೇಸ್, ಅಂದರೆ ತಗ್ಗು ಸ್ವರಗಳ ಸಾಲು, ಚುರುಕಾಗಿ ಕುಣಿಯುತ್ತದೆ. ಗೇಟಿಗೂ 30 ಕೊಟ್ಟರೆ ಅದು ಮುಚ್ಚುವುದೇ ಇಲ್ಲ, ಪ್ರತಿ ಸ್ವರದ ಏರಿಳಿತ ನಡೆಸುವ ಸಿಂಥಸೈಜರಿನ ಎನ್ವಲಪ್ ಮತ್ತೆ ಮೊದಲಿಂದ ಶುರುವಾಗುವುದಿಲ್ಲ, ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಎಳೆದಾಡುತ್ತವೆ. ಹೊಸದಾಗಿ ಕಲಿಯುವವರ ಬೇಸ್ ಸಪ್ಪೆಯಾಗುವುದು ಹೆಚ್ಚಾಗಿ ಇಲ್ಲೇ.

ಈಗ ಗಾಯಕರು ಬದಲಾದರು ಅನ್ನಿ. ಅವರ ಗಂಟಲಿಗೆ ಶ್ರುತಿ ಮೂರು ಕೀ ಮೇಲೆ ಬೇಕು. ಎತ್ತರದ ಅಂಕಿಗಳಿಗೆಲ್ಲ 3 ಸೇರಿಸಿದರೆ ರಾಗ ಸರಿಹೋಗುತ್ತದೆ, ನಾದ ಸರಿಹೋಗುವುದಿಲ್ಲ: ಕೆಳಗಿನ ಸ್ವರಕ್ಕೆ ಹೊಂದಿಸಿದ್ದ, ನಾದದ ಹೊಳಪನ್ನು ಸೋಸುವ ಫಿಲ್ಟರಿನಲ್ಲಿ ಮೇಲಿನ ಸ್ವರ ಮಂಕಾಗುತ್ತದೆ. ಉಸಿರಿಗೆ ಜಾಗ ಬೇಕೆಂದರೆ ಸಾಲುಗಳ ಅಂತರವನ್ನು ಮತ್ತೆ ಎಣಿಸಿ ಕೂರಿಸಬೇಕು. ಅಂದರೆ ಗಾಯಕರು ಯಾರೆಂದು ಗೊತ್ತಾಗುವವರೆಗೆ ಹಾಡಿನ ಕೆಲಸ ಮುಗಿಯುವುದಿಲ್ಲ. ಅದರ ಮೇಲೆ ಬೇರೆ ಬೇರೆ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡ ಗಾಯಕರ ಅನುಮತಿ, ಅವರು ಬಿಡುವಾಗಿರುವ ದಿನ, ಎರಡನ್ನೂ ಹೊಂದಿಸಬೇಕು. ಹತ್ತು ಹಾಡಿಗೆ ಹತ್ತು ಸಲ!

‘ನೆವರ್ ನೆವರ್’ ಕೇಳಿದರೆ ಇಷ್ಟು ಪಾಡು ಪಡುವುದು ಯಾಕೆ ಸಾರ್ಥಕ ಅನ್ನುವುದೂ ತಿಳಿಯುತ್ತದೆ. ಯಂತ್ರ ಗೆರೆ ಎಳೆದಂತೆ ನೇರ ನಡೆಯುತ್ತದೆ, ಅದರ ಮೇಲೆ ಶಾರ್ಕಿಯ ದನಿ ಪ್ರತಿ ಸಾಲಿನ ಕೊನೆಗೂ ನಡುಗುತ್ತದೆ. ಹಾಡಿನ ಜೀವವೇ ಆ ನಡುಕ.

ಆಲ್ಬಂ ಬರಲೇ ಇಲ್ಲ. ಕ್ಲಾರ್ಕ್ 1985ರಲ್ಲಿ ಗಾಯಕ ಪಾಲ್ ಕ್ವಿನ್ ಜೊತೆ ‘ಒನ್ ಡೇ’ ಎಂಬ ಸಿಂಗಲ್ ಮಾಡಿದರು, ಅದು ಓಡಲಿಲ್ಲ. ಅದೇ ವರ್ಷ ‘ಮೆಲೊಡಿ ಮೇಕರ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಕಾಯಂ ಗಾಯಕರನ್ನು ಹುಡುಕಿದರು. ಸಿಕ್ಕವರು ಆಂಡಿ ಬೆಲ್, ತಂಡ ಇರೇಷರ್. ಶಾರ್ಕಿ ಅದೇ 1985ರ ನವೆಂಬರಿನಲ್ಲಿ ‘ಎ ಗುಡ್ ಹಾರ್ಟ್’ ಹಾಡಿ ಬ್ರಿಟನ್ನಿನಲ್ಲಿ 1ನೇ ಸ್ಥಾನಕ್ಕೇರಿದರು.

ಅಸೆಂಬ್ಲಿಯ ರೆಕಾರ್ಡ್ ಹುಡುಕುವವರು ಮ್ಯೂಟ್ ಕಂಪನಿಯ ‘ಟೈನಿ 1’ ಎಂಬ ಸಂಖ್ಯೆ ನೋಡಿಕೊಳ್ಳಿ. 7 ಇಂಚಿನದಕ್ಕಿಂತ 12 ಇಂಚಿನದು ಮೇಲು, ಹಾಡಿನ ಉದ್ದನೆಯ ರೂಪ ಅದರಲ್ಲಿದೆ. ಹಿಂಬದಿಯ ‘ಸ್ಟಾಪ್/ಸ್ಟಾರ್ಟ್’ನಲ್ಲಿ ಗಾಯನವೇ ಇಲ್ಲ, ಬರೀ ವಾದ್ಯ.