ಸೊಪ್ಪಿನಲ್ಲಿ ಕೀಟನಾಶಕ ‘ಮಿತಿ ಮೀರಿದೆ’ ಎಂದರೆ ತಿನ್ನಬಾರದೇ?

ಪ್ರಶ್ನೆ: ಸಂತೆಯ ಕೊತ್ತಂಬರಿ, ಪುದೀನದಲ್ಲಿ ಕೀಟನಾಶಕ ಮಿತಿ ಮೀರಿದೆ ಎಂದು ಓದುತ್ತಿರುತ್ತೇವೆ. ತಿಂದವರಿಗೆ ಅಪಾಯವೇ? ಕೊಡಗಿನಲ್ಲಿ ಮಳೆಗಾಲಕ್ಕೆ ಪಾಯಸ ಮಾಡುವ ಔಷಧೀಯ ಎಲೆ, ನಮ್ಮ ತೋಟದ ಮದ್ದು ಸೊಪ್ಪಾದರೆ ಚಿಂತೆಯಿಲ್ಲವೇ? (ವಿರಾಜಪೇಟೆಯ ಓದುಗರು)

ಉತ್ತರ: ಶಿಫಾರಸಿನಂತೆ ಔಷಧಿ ಹೊಡೆದು, ಕಾಯಬೇಕಾದಷ್ಟು ದಿನ ಕಾದು ಕೊಯ್ದರೆ ಎಷ್ಟು ಉಳಿದೀತು ಎಂಬುದರ ಮೇಲೆ ಮಿತಿ ನಿಗದಿಯಾಗುತ್ತದೆ. ಮಿತಿಯೇ ಗೊತ್ತುಮಾಡದ ಕಡೆ ಸಾಮಾನ್ಯವಾಗಿ ಕಿಲೋಗೆ 0.01 ಮಿಲಿಗ್ರಾಂ ಎಂಬ ಗೆರೆ. ಪಕ್ಕದ ಮೆಣಸಿನ ಸಾಲಿಗೆ ಹೊಡೆದದ್ದು ಗಾಳಿಯಲ್ಲಿ ತೇಲಿ ಬಂದರೂ ಸೊಪ್ಪು ಅದನ್ನು ದಾಟೀತು.

ಕೊತ್ತಂಬರಿಯಲ್ಲಿ ಪ್ರೊಫೆನೊಫಾಸ್ ಎಂಬ ಕೀಟನಾಶಕ ಕಿಲೋಗೆ 0.5 ಮಿಲಿಗ್ರಾಂ ಇದೆಯೆನ್ನಿ, ಆ ಗೆರೆಯ ಐವತ್ತು ಪಟ್ಟು. ದಿನಕ್ಕೆ 10 ಗ್ರಾಂ ತಿಂದರೆ ಹೊಟ್ಟೆಗೆ ಹೋಗುವುದು 0.005 ಮಿಲಿಗ್ರಾಂ. ಜೀವನಪೂರ್ತಿ ದಿನವೂ ಸೇವಿಸಬಹುದೆಂದು ಅಂತರರಾಷ್ಟ್ರೀಯ ತಜ್ಞರ ಸಮಿತಿ ಹೇಳಿರುವುದು ದೇಹತೂಕದ ಕಿಲೋಗೆ 0.03 ಮಿಲಿಗ್ರಾಂ, 60 ಕಿಲೋದವರಿಗೆ 1.8. ಅದರಲ್ಲಿ ಇದು ಶೇ. 0.3ರಷ್ಟೂ ಅಲ್ಲ. 15 ಕಿಲೋದ ಮಗು ಅಷ್ಟೇ ತಿಂದರೆ ಶೇ. 1ರ ಆಸುಪಾಸು. ಬೀನ್ಸ್, ಮೆಣಸಿನಕಾಯಿಯಿಂದ ಬರುವುದನ್ನೂ ಕೂಡಿಸಬೇಕು, ನಿಜ. ಆದರೂ ಈ ಸಂಖ್ಯೆಗೆ ನಾನು ಕೊತ್ತಂಬರಿ ಬಿಡುವುದಿಲ್ಲ.

ಎಲ್ಲ ಔಷಧಿಗೂ ಈ ಸಮಾಧಾನ ಹೊಂದದು. ಕ್ಲೋರ್‌ಪೈರಿಫಾಸ್‌ಗೆ ಸುರಕ್ಷಿತ ಪ್ರಮಾಣವನ್ನೇ ಹೇಳಲಾಗದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಹೇಳಿತು. ನಮ್ಮಲ್ಲಿ ಅರೇಬಿಕಾ ಕಾಫಿಯ ಕಾಂಡಕೊರಕ ಹುಳಕ್ಕೆ ಬಳಸುತ್ತ ಬಂದಿರುವುದೂ ಅದನ್ನೇ.

ಇನ್ನು ಅಳೆಯುವ ಬಗೆ. ಅರೆದ ಸೊಪ್ಪನ್ನು ಅಸಿಟೋನೈಟ್ರೈಲ್ ದ್ರಾವಕದಲ್ಲಿ ಕುಲುಕಿ, ಲವಣ ಹಾಕಿ, ಮೇಲೆ ನಿಂತ ದ್ರಾವಕವನ್ನು ಶುದ್ಧಗೊಳಿಸಿ, ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರಕ್ಕೆ ಕೊಡುತ್ತಾರೆ. ಸೊಪ್ಪಿನ ಹಸಿರು ಮತ್ತು ಸುಗಂಧ ತೈಲ ಇಲ್ಲಿ ತಂಟೆ ಮಾಡುತ್ತವೆ, ಯಂತ್ರ ತೋರುವ ಸಂಕೇತವನ್ನು ಕುಗ್ಗಿಸುತ್ತವೆ ಇಲ್ಲವೇ ಹಿಗ್ಗಿಸುತ್ತವೆ. ಹಸಿರು ತೆಗೆಯಲು ಇಂಗಾಲದ ಪುಡಿ ಹಾಕಿದರೆ ಅದು ಕೆಲವು ಕೀಟನಾಶಕಗಳನ್ನೂ ಹೀರಿಬಿಡುತ್ತದೆ. ಹಾಗಾಗಿ ಔಷಧಿ ತಾಗದ ಅದೇ ಸೊಪ್ಪಿಗೆ ಗೊತ್ತಿರುವಷ್ಟು ಬೆರೆಸಿ, ಶೇ. 70ರಿಂದ 120ರೊಳಗೆ ಮರಳಿ ಸಿಗುತ್ತದೆಯೇ ಎಂದು ನೋಡಬೇಕು. ಆ ಅಂಕಿಯಿಲ್ಲದ ವರದಿಯನ್ನು ನಾನು ನಂಬುವುದಿಲ್ಲ.

ಮದ್ದು ಸೊಪ್ಪಿನ ಲೆಕ್ಕವೇ ಬೇರೆ. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ 18ರಂದು ಪಾಯಸಕ್ಕೆ ಹಿಡಿ ಹಿಡಿಯಾಗಿ ಕುದಿಸುತ್ತೇವೆ; ಆದ್ದರಿಂದ ಅದನ್ನು ಹೋಲಿಸಬೇಕಾದದ್ದು ಒಂದೇ ದಿನ ತಡೆದುಕೊಳ್ಳಬಹುದಾದ ಪ್ರಮಾಣಕ್ಕೆ. ಕಾಫಿಗೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರವೂ ಮೇಲಿನ ಪರೀಕ್ಷೆಗೆ ಕಾಣದು, ಲೋಹದ ಪರೀಕ್ಷೆ ಬೇರೆಯೇ ಮಾಡಿಸಬೇಕು. ಹರಿಯುವ ನೀರಿನಲ್ಲಿ ತೊಳೆದರೆ ಮೇಲೆ ಕೂತದ್ದು ಒಂದಷ್ಟು ಹೋದೀತು. ಇಮಿಡಾಕ್ಲೋಪ್ರಿಡ್‌ನಂತೆ ಗಿಡದೊಳಗೆ ಸೇರಿದ್ದು ಹೋಗದು. ಈ ಬಾರಿ ಔಷಧಿ ಹೊಡೆದ ಸಾಲುಗಳನ್ನು ಬಿಟ್ಟು ಬೇಲಿಯಾಚೆಯ ಸೊಪ್ಪನ್ನೇ ಕೊಯ್ಯಿರಿ.