ಗುಂಡು ಮೊದಲು, ಕೋವಿ ಆಮೇಲೆ

ಹಳೆಯ ಟೋಸ್ಟರಿಗೂ ಮಕ್ಕಳ ಸೈಕಲ್ ಹೆಲ್ಮೆಟ್ಟಿಗೂ ನಡುವೆ ಅದು ಮಲಗಿತ್ತು. ಬಾಯಿಂದ ಮದ್ದು ತುಂಬುವ, ಚಕಮಕಿ ಕಲ್ಲಿನ ಕೋವಿ. ನಳಿಗೆಯ ಒಳವ್ಯಾಸ ಅರ್ಧ ಇಂಚು, ಅಂದರೆ .50 ಕ್ಯಾಲಿಬರ್. ಕಟ್ಟಿದ್ದ ಚೀಟಿಯಲ್ಲಿ 120 ಡಾಲರ್ ಎಂದಿತ್ತು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಮನೆ ಖಾಲಿ ಮಾಡುವವರು ಗರಾಜಿನ ಮುಂದೆ ಸಾಮಾನು ಹರಡಿ ಮಾರುವಾಗ ಇಂಥವು ಕಣ್ಣಿಗೆ ಬೀಳುವುದುಂಟು. ನಾನು ಕೈ ಚಾಚುವುದರೊಳಗೆ ಜೊತೆಗಿದ್ದ ನೆರೆಮನೆಯ ಹಿರಿಯರು, ನಿವೃತ್ತ ವೆಲ್ಡರ್, ಕೋವಿಯನ್ನೆತ್ತಿ ಬಾಯಿ ಮೇಲೆ ಮಾಡಿ ಹಿಡಿದು, ನಳಿಗೆಯ ಕೆಳಗೆ ಸಿಕ್ಕಿಸಿದ್ದ ಗಜವನ್ನು, ಅಂದರೆ ಗುಂಡು ಜಡಿಯುವ ಉದ್ದನೆಯ ಕೋಲನ್ನು, ಎಳೆದು ಒಳಗೆ ಬಿಟ್ಟರು. ಖಾಲಿ ನಳಿಗೆಯಾದರೆ ‘ಟಿಣ್’ ಎನ್ನಬೇಕು. ಇದು ‘ತಪ್’ ಎಂದಿತು. ಬಾಯಿಯ ಮಟ್ಟದಲ್ಲಿ ಗಜದ ಮೇಲೆ ಉಗುರಿಟ್ಟು ಹೊರತೆಗೆದು, ನಳಿಗೆಯ ಪಕ್ಕಕ್ಕೆ ಹಿಡಿದು ಅಳೆದರು. ಗಜ ತಳ ಮುಟ್ಟಿರಲಿಲ್ಲ; ಎರಡು ಇಂಚು ಮೇಲೆಯೇ ನಿಂತಿತ್ತು.

“ಒಳಗೆ ಈಡು ಇದೆ” ಎಂದರು, ಹಾಲು ಕೆಟ್ಟಿದೆ ಎನ್ನುವಷ್ಟೇ ಸಹಜವಾಗಿ.

ಆ ಎರಡು ಇಂಚಿನ ಲೆಕ್ಕ ಆಮೇಲೆ ಮನೆಗೆ ಬಂದು ಹಾಕಿದೆ. ಇಲ್ಲಿ ಮದ್ದನ್ನು ಗ್ರೇನ್ ಎಂಬ ತೂಕದಲ್ಲಿ ಎಣಿಸುತ್ತಾರೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ನಮ್ಮ ಅಕ್ಕಸಾಲಿಗರ ಅರ್ಧ ಗುಲಗಂಜಿಯ ಆಸುಪಾಸು. ಜಿಂಕೆಗೆ ಸಾಮಾನ್ಯವಾಗಿ ತುಂಬುವ 70 ಗ್ರೇನ್ ಮದ್ದು ಸುಮಾರು ನಾಲ್ಕೂವರೆ ಗ್ರಾಂ. ಅರ್ಧ ಇಂಚಿನ ನಳಿಗೆಯಲ್ಲಿ ಅದು ಮೂರೂವರೆ ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ಮೇಲೆ ಒಂದೂಕಾಲು ಸೆಂಟಿಮೀಟರಿನ ಸೀಸದ ಗುಂಡು. ಎರಡೂ ಸೇರಿದರೆ ಎರಡು ಇಂಚಿಗೆ ಕೂದಲೆಳೆ ಕಡಿಮೆ. ಯಾರೋ ಬೇಟೆಗೆ ಹೋಗಿ, ಏನೂ ಸಿಗದೆ ವಾಪಸಾಗಿ, ಮೂಲೆಗೆ ಒರಗಿಸಿ ಮರೆತಿದ್ದರು. ಹಳೆಯ ಕೋವಿ ಕೊಳ್ಳುವವರು ಮಾಡಬೇಕಾದ ಮೊದಲ ಕೆಲಸ ಈ ಗಜದ ಪರೀಕ್ಷೆ. ಬೆಲೆಯ ಮಾತು ಆಮೇಲೆ. (ಅಳತೆಯ ಗಜಕ್ಕೂ ಈ ಕೋಲಿಗೂ ನಮ್ಮಲ್ಲಿ ಹೆಸರು ಒಂದೇ ಆದ್ದರಿಂದ ಮುಂದೆ ದೂರವನ್ನು ಮೀಟರಿನಲ್ಲೇ ಹೇಳುತ್ತೇನೆ.)

ಮಲೆನಾಡಿನಲ್ಲಿ ಹುಟ್ಟಿದ ನನಗೆ ಬಾಯಿಂದ ತುಂಬುವ ಕೋವಿ ಹೊಸದಲ್ಲ. ಅಜ್ಜನ ಮನೆಯ ಅಟ್ಟದಲ್ಲಿ ಕೇಪಿನ ಕೋವಿಯೊಂದಿತ್ತು. ಗದ್ದೆಗೆ ಹಂದಿ ಇಳಿಯುವ ಕಾಲದಲ್ಲಿ ಅದು ಕೆಳಗೆ ಬರುತ್ತಿತ್ತು: ಮದ್ದು ಸುರಿದು, ತೆಂಗಿನ ಕತ್ತವನ್ನು ಉಂಡೆ ಮಾಡಿ ಜಡಿದು, ಚರೆ ಹಾಕಿ, ಮತ್ತೆ ಕತ್ತ ಜಡಿದು, ಕೊನೆಗೆ ಪೆಟ್ಟು ಬಿದ್ದರೆ ಸಿಡಿಯುವ ಪುಟ್ಟ ಕೇಪು. ಸರ್ಕಾರಿ ಪರವಾನಗಿಯಲ್ಲಿ ಅದರ ಹೆಸರು ಎಸ್‌ಬಿಎಂಎಲ್, ಅಂದರೆ ಬಾಯಿಂದ ತುಂಬುವ ಒಂಟಿ ನಳಿಗೆಯ ಕೋವಿ. ಆದರೆ ಅಜ್ಜನ ಕೋವಿಯ ನಳಿಗೆ ಒಳಗೆ ಕೊಳವೆಯಂತೆ ನುಣುಪು. ಇಲ್ಲಿ ಮೇಜಿನ ಮೇಲಿದ್ದದ್ದು ರೈಫಲ್. ಅದರ ಒಳಮೈಯಲ್ಲಿ ತಿರುಪಿನಂತೆ ಸುತ್ತುತ್ತಾ ಸಾಗುವ ಗೀರುಗಳಿವೆ. ಕನ್ನಡದಲ್ಲಿ ನಾವು ಎರಡನ್ನೂ ಕೋವಿ ಎಂದುಬಿಡುತ್ತೇವೆ. ಭೌತವಿಜ್ಞಾನ ಅಷ್ಟು ಉದಾರಿಯಲ್ಲ.

ಈ ಕಾಲದಲ್ಲಿ ಬಾಯಿಂದ ತುಂಬುವ ಕೋವಿ ಯಾರಿಗೆ ಬೇಕು ಎಂದು ಕೇಳಬಹುದು. ಉತ್ತರ ಬೇಟೆಯ ಪಂಚಾಂಗದಲ್ಲಿದೆ. ಅಮೆರಿಕದ ಬಹುತೇಕ ರಾಜ್ಯಗಳು ಇವುಗಳಿಗೆಂದೇ ಪ್ರತ್ಯೇಕ ಬೇಟೆಯ ಅವಧಿ ಇಟ್ಟಿವೆ. ಅಲ್ಲಿನ ಬಿಳಿಬಾಲದ ಜಿಂಕೆ 1900ರ ಹೊತ್ತಿಗೆ ದೇಶವಿಡೀ ಐದು ಲಕ್ಷಕ್ಕಿಂತ ಕಡಿಮೆಯಾಗಿತ್ತೆಂದು ಅಂದಾಜು. ಈಗ ಸುಮಾರು ಮೂರು ಕೋಟಿ. ತೋಳಗಳು ಹೋದಲ್ಲಿ ಜಿಂಕೆ ಮಿತಿಮೀರಿ, ಕಾಡಿನ ಎಳೆ ಸಸಿಗಳನ್ನೆಲ್ಲ ಮೇಯುತ್ತದೆ. ಬಂದೂಕು ಮತ್ತು ತೋಟಾಗಳ ಮೇಲಿನ, 1937ರ ಕಾಯ್ದೆ ಮೀಸಲಿಟ್ಟ ತೆರಿಗೆಯೇ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ದೊಡ್ಡ ಆದಾಯ. ಒಂದೇ ಈಡಿನ, ಹತ್ತಿರ ಹೋಗಲೇಬೇಕಾದ ಕೋವಿಗೆ ಹೆಚ್ಚುವರಿ ದಿನಗಳನ್ನು ಕೊಟ್ಟರೆ ಬೇಟೆಗಾರರಿಗೂ ಖುಷಿ, ಲೆಕ್ಕವೂ ಕೈ ಮೀರುವುದಿಲ್ಲ. ಭಾರತದ ಮಾತೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಜಿಂಕೆ, ಕಡವೆಗಳ ಬೇಟೆ ಅಪರಾಧ. ಕೊಡವರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯೂ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧ ಪೂಜಿಸುವ ಪರಂಪರೆಗೆ ಸಂದದ್ದೇ ಹೊರತು ಬೇಟೆಗಲ್ಲ.

ಹೀಗಾಗಿ ಅಂಗಡಿಗೆ ಹೋಗುವ ಮೊದಲು ಓದಬೇಕಾದ್ದು ರಾಜ್ಯದ ಬೇಟೆ ನಿಯಮಗಳ ಪುಸ್ತಿಕೆ. ಪೆನ್ಸಿಲ್ವೇನಿಯಾ 1974ರಲ್ಲಿ ಶುರು ಮಾಡಿದ, ಕ್ರಿಸ್ಮಸ್ ನಂತರದ ಅವಧಿಯಲ್ಲಿ ಚಕಮಕಿ ಕೋವಿಗೆ ಮಾತ್ರ ಅವಕಾಶ, ಕೇಪು ಬಳಸುವಂತಿಲ್ಲ. ಅದೇ ರಾಜ್ಯದ ಅಕ್ಟೋಬರ್ ಅವಧಿಯಲ್ಲಿ ಆಧುನಿಕ ಮಾದರಿಯೂ ನಡೆಯುತ್ತದೆ. ಕೊಲರಾಡೊದ ಇಂಥ ಅವಧಿಯಲ್ಲಿ ಕೋವಿಗೆ ದುರ್ಬೀನು ಕೂಡದು, ಗುಂಡಿಗೆ ಪ್ಲಾಸ್ಟಿಕ್ ಕವಚವೂ ಕೂಡದು. ಇನ್ನು ಕೊಳ್ಳುವ ವಿಚಾರ: 1968ರ ಫೆಡರಲ್ ಕಾಯ್ದೆ ಕರಿಮದ್ದಿನ ಈ ಕೋವಿಗಳಲ್ಲಿ ಹೆಚ್ಚಿನವನ್ನು ಬಂದೂಕು ಎಂದೇ ಎಣಿಸುವುದಿಲ್ಲ, ಆದರೆ ರಾಜ್ಯದ ಕಾನೂನು ಎಣಿಸಬಹುದು. ಈ ಮನೆಪಾಠ ಮಾಡದೆ ಕೊಂಡ ಅಗ್ಗದ ಕೋವಿ ಗೋಡೆಯ ಅಲಂಕಾರವಾದ ಉದಾಹರಣೆ ನನ್ನ ಪರಿಚಯದಲ್ಲೇ ಎರಡಿವೆ.

ಈಗ ನಳಿಗೆಯೊಳಗಿನ ಗೀರುಗಳಿಗೆ ಬರೋಣ. ಹೊಸಬರು ಮರದ ಹೊಳಪು, ಹಿತ್ತಾಳೆಯ ಕೆತ್ತನೆ ನೋಡಿ ಮರುಳಾಗುತ್ತಾರೆ. ಹಣ ಕಡಿಮೆಯಿದ್ದವರು ನೋಡಬೇಕಾದ್ದು ಒಂದೇ ಸಂಖ್ಯೆಯನ್ನು: ಎಷ್ಟು ಇಂಚು ಸಾಗಿದರೆ ಗೀರು ಒಂದು ಸುತ್ತು ಮುಗಿಸುತ್ತದೆ? ಹಲವು ನಳಿಗೆಗಳ ಮೇಲೆ 1:28, 1:48, 1:66 ಎಂದು ಕೊರೆದಿರುತ್ತದೆ. ಅದು ಆ ಕೋವಿಯ ಜಾತಕ.

ಬುಗುರಿ ಆಡಿದವರಿಗೆ ಇದನ್ನು ವಿವರಿಸುವುದು ಸುಲಭ. ಕುಳ್ಳಗೆ ದಪ್ಪಗಿರುವ ಬುಗುರಿ ನಿಧಾನವಾಗಿ ತಿರುಗಿದರೂ ನಿಲ್ಲುತ್ತದೆ. ಸಪೂರವಾಗಿ ಎತ್ತರವಾಗಿರುವುದಕ್ಕೆ ಜೋರಾಗಿ ಚಾಟಿ ಎಳೆಯಬೇಕು. ಗುಂಡಿನದೂ ಅದೇ ಕಥೆ. ಉದ್ದನೆಯ ಗುಂಡನ್ನು ಗಾಳಿ ಪಲ್ಟಿ ಹೊಡೆಸಲು ನೋಡುತ್ತದೆ. ತಡೆಯುವುದು ಅದರ ಸುತ್ತು. ಬ್ರಿಟನ್ನಿನ ವೂಲಿಚ್‌ನಲ್ಲಿ ಫಿರಂಗಿದಳದ ಅಧಿಕಾರಿಗಳಿಗೆ ಗಣಿತ ಹೇಳಿಕೊಡುತ್ತಿದ್ದ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಇದಕ್ಕೊಂದು ಕೈಲೆಕ್ಕ ಕೊಟ್ಟರು. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿ; ಎಷ್ಟು ಇಂಚಿಗೊಂದು ಸುತ್ತು ಬೇಕೆಂಬುದು ಬರುತ್ತದೆ. .45 ಇಂಚು ದಪ್ಪ, ಒಂದು ಇಂಚು ಉದ್ದದ ಗುಂಡನ್ನು ಪ್ಲಾಸ್ಟಿಕ್ ಕವಚದಲ್ಲಿ ಕೂರಿಸಿ ಹೊಡೆಯಬೇಕೆಂದುಕೊಳ್ಳಿ. ಉತ್ತರ 30. ಆಧುನಿಕ ಕೋವಿಗಳ ಮೇಲೆ 1:28 ಎಂದು ಏಕಿರುತ್ತದೆ ಎಂಬ ಒಗಟು ಇಲ್ಲಿಗೆ ಬಿಡಿಸಿದಂತಾಯಿತು. ಇನ್ನು .49 ಇಂಚಿನ ದುಂಡು ಗುಂಡು: ಉದ್ದವೂ ವ್ಯಾಸವೂ ಒಂದೇ, ಉತ್ತರ 73.5. ಉದ್ದ ಗುಂಡಿಗೆಂದು ಮಾಡಿದ ಸೂತ್ರವನ್ನು ಚೆಂಡಿಗೆ ಹಚ್ಚುವುದು ಸ್ವಲ್ಪ ಹಟಮಾರಿತನವೇ. ಹಿಂದುಮುಂದಿಲ್ಲದ ಚೆಂಡು ಪಲ್ಟಿ ಹೊಡೆದರೇನು, ಬಿಟ್ಟರೇನು? ಅದಕ್ಕೆ ಸುತ್ತು ಬೇಕಿರುವುದು ಎರಕದ ಸಣ್ಣಪುಟ್ಟ ಓರೆಕೋರೆಗಳು ಒಂದೇ ಬದಿಗೆ ಎಳೆಯದಿರಲಿ ಎಂದಷ್ಟೇ. ಆದರೂ ದುಂಡು ಗುಂಡಿನ ನಳಿಗೆಗಳು 1:60ರಿಂದ 1:72ರವರೆಗೆ ಇರುವುದನ್ನು ನೋಡಿದರೆ ಉತ್ತರ ದೂರವೇನೂ ಹೋಗಿಲ್ಲ.

ಮಧ್ಯದ 1:48 ರಾಜಿಸೂತ್ರ. 1970ರಲ್ಲಿ ಥಾಂಪ್ಸನ್ ಸೆಂಟರ್ ಕಂಪನಿ ತನ್ನ ‘ಹಾಕನ್’ ಮಾದರಿಗೆ ಇದನ್ನೇ ಕೊಟ್ಟಿತು. ದುಂಡು ಗುಂಡೂ ಆಗಲಿ, ಗಿಡ್ಡನೆಯ ಉದ್ದ ಗುಂಡೂ ಆಗಲಿ ಎಂದು. ಎರಡೂ ದೋಣಿಯಲ್ಲಿ ಕಾಲಿಟ್ಟಂತೆ ಎಂದು ಶುದ್ಧವಾದಿಗಳು ಮೂಗು ಮುರಿಯುತ್ತಾರೆ. ನನಗೆ ಆ ಮೂಗುಮುರಿತ ಒಪ್ಪಿಗೆಯಿಲ್ಲ. ನಲವತ್ತೈವತ್ತು ಮೀಟರಿನ ಕಾಡುಬೇಟೆಗೆ, ಮಿತವಾದ ಮದ್ದಿಗೆ, ಆ ರಾಜಿ ಚೆನ್ನಾಗಿಯೇ ನಡೆಯುತ್ತದೆ. 1:28ರ ನಳಿಗೆಗೆ ದುಂಡು ಗುಂಡು ಹಾಕಿ ಮದ್ದು ಜಾಸ್ತಿ ಸುರಿದರೆ ಮಾತ್ರ ಕಷ್ಟ. ಗುಂಡು ಗೀರಿನ ಹಿಡಿತ ತಪ್ಪಿಸಿಕೊಂಡು ಜಾರಿ, ಗುರಿ ಚದುರುತ್ತದೆ.

ಅಂದರೆ ಮೊದಲು ಆರಿಸಬೇಕಾದದ್ದು ಗುಂಡನ್ನು, ಆಮೇಲೆ ಕೋವಿಯನ್ನು. ದುಂಡು ಗುಂಡು ಅಗ್ಗ. ಸೀಸ ಕರಗಿಸಿ ಮನೆಯಲ್ಲೇ ಎರಕ ಹೊಯ್ಯಬಹುದು. ಅದರ ದೌರ್ಬಲ್ಯವನ್ನು 1740ರ ದಶಕದಲ್ಲೇ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಅಳೆದಿದ್ದರು. ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ತೂಗಾಡಿತೆಂದು ನೋಡಿ ವೇಗ ಕಂಡುಹಿಡಿದರು. ದೂರದಿಂದ ಹೊಡೆದಾಗ ಕಂಡ ವೇಗದ ಇಳಿತ ಆ ಕಾಲದ ಪಂಡಿತರು ನಂಬಲಾರದಷ್ಟಿತ್ತು. ಚೆಂಡನ್ನು ಗಾಳಿ ಅಷ್ಟು ಜೋರಾಗಿ ತಡೆಯುತ್ತದೆ. ಅರ್ಧ ಇಂಚಿನ ಗುಂಡು ನೂರು ಮೀಟರ್ ಮುಟ್ಟುವಷ್ಟರಲ್ಲಿ ವೇಗದ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಂಡಿರುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ ಶಕ್ತಿ ಅರ್ಧಕ್ಕೂ ಕೆಳಗಿಳಿದಿರುತ್ತದೆ. ಎಪ್ಪತ್ತು ಮೀಟರಿನಾಚೆ ಜಿಂಕೆ ನಿಂತಿದ್ದರೆ ದುಂಡು ಗುಂಡಿನವರು ನೋಡಿ ಸುಮ್ಮನಿರಬೇಕು. ಗಾಯಗೊಂಡ ಪ್ರಾಣಿ ಕಾಡಿನೊಳಗೆ ಓಡಿ ನರಳಿ ಸಾಯುವುದು ಯಾವ ಬೇಟೆಗೂ ಶೋಭೆಯಲ್ಲ.

ಕಿಡಿಯ ವಿಷಯದಲ್ಲೂ ಅಗ್ಗ-ದುಬಾರಿಯ ಲೆಕ್ಕವಿದೆ. ಚಕಮಕಿ ಕೋವಿಯಲ್ಲಿ ಉರಿಯುವುದು ಕಲ್ಲಲ್ಲ, ಉಕ್ಕು. ಕಲ್ಲಿನ ಅಂಚು ಉಕ್ಕಿನ ತಟ್ಟೆಯಿಂದ ಕೂದಲಿನಂಥ ಚೂರುಗಳನ್ನು ಕೆರೆಯುತ್ತದೆ, ಅವು ಗಾಳಿಯಲ್ಲಿ ಹೊತ್ತಿಕೊಂಡು ಬಟ್ಟಲಿನ ಮದ್ದಿಗೆ ಬೀಳುತ್ತವೆ, ಆ ಉರಿ ಸಣ್ಣ ತೂತಿನಿಂದ ಒಳಗೆ ಹೋಗುತ್ತದೆ. ಹೊರಗೆ ಭಗ್ ಎಂದದ್ದಕ್ಕೂ ಒಳಗೆ ಢಂ ಎನ್ನುವುದಕ್ಕೂ ನಡುವೆ ಕ್ಷಣದ ಬಿಡುವು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಅವರಿಗೆ ಆ ಬಿಡುವೇ ತಲೆನೋವಾಗಿತ್ತು. ಮಿಂಚು ಕಂಡ ಹಕ್ಕಿಗಳು ಗುಂಡು ಬರುವಷ್ಟರಲ್ಲಿ ಜಾಗ ಬಿಡುತ್ತಿದ್ದವು. ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕ ಬಳಸಿ ಅವರು 1807ರಲ್ಲಿ ಪೇಟೆಂಟ್ ಪಡೆದ ಉಪಾಯದ ಮೊಮ್ಮಗುವೇ ನಮ್ಮಜ್ಜನ ಕೇಪು. 1985ರಲ್ಲಿ ಮಿಸೌರಿಯ ಟೋನಿ ನೈಟ್ ಹೊರತಂದ ಮಾದರಿಯಲ್ಲಿ ಕೇಪು ನಳಿಗೆಯ ನೇರ ಹಿಂದಿತ್ತು, ಅದೇ ಇನ್‌ಲೈನ್. ಈಗಿನವು ಶಾಟ್‌ಗನ್ ತೋಟಾದ ಬುಡದಲ್ಲಿರುವ, ಕಿಡಿ ಕೊಡುವ ಪ್ರೈಮರಿನಿಂದ ಹೊತ್ತುತ್ತವೆ, ಜಿನುಗು ಮಳೆಗೂ ಜಗ್ಗುವುದಿಲ್ಲ. ಸಿವಿಎ, ಟ್ರೆಡಿಶನ್ಸ್ ಕಂಪನಿಗಳ ಅಗ್ಗದ ಮಾದರಿಗಳು ಮುನ್ನೂರು ಡಾಲರ್ ಆಸುಪಾಸಿಗೆ ಸಿಗುತ್ತವೆ. ನಿಮ್ಮ ರಾಜ್ಯ ಒಪ್ಪುವುದಾದರೆ, ಹೊಸಬರಿಗೆ ಕಡಿಮೆ ರಗಳೆಯ ದಾರಿ ಅದೇ. ಹಳೆಯದನ್ನು ಕೊಳ್ಳುವುದಾದರೆ ತಯಾರಿಯ ವರ್ಷ ವಿಚಾರಿಸಿ: 1995 ಮತ್ತು 1996ರ ಕೆಲವು ಇನ್‌ಲೈನ್‌ಗಳನ್ನು ತಯಾರಕರೇ 1997ರಲ್ಲಿ ವಾಪಸ್ ಕರೆಸಿಕೊಂಡಿದ್ದರು.

ಬೆಲೆಯ ಚೀಟಿಯಲ್ಲಿ ಬರೆಯದ ಖರ್ಚೊಂದಿದೆ, ಅದು ಹೊಗೆಯದು. ಪೆಟ್ಲುಪ್ಪು, ಇದ್ದಿಲು, ಗಂಧಕದ ಕರಿಮದ್ದು ಉರಿದಾಗ ಅರ್ಧಕ್ಕೂ ಹೆಚ್ಚು ಭಾಗ ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಬಿಳಿ ಹೊಗೆಯೂ ಅದೇ, ನಳಿಗೆಗೆ ಮೆತ್ತುವ ಮಸಿಯೂ ಅದೇ. ಆ ಮಸಿಯಲ್ಲಿ ಮುಖ್ಯವಾದದ್ದು ಪೊಟ್ಯಾಸಿಯಂ ಕಾರ್ಬೊನೇಟ್: ಒಲೆಯ ಬೂದಿಯಲ್ಲಿರುವ, ಹಿಂದಿನವರು ಬಟ್ಟೆ ಒಗೆಯಲು ಬಳಸುತ್ತಿದ್ದ ಅದೇ ಕ್ಷಾರ. ಮಳೆಗಾಲದ ಉಪ್ಪಿನ ಡಬ್ಬಿಯಂತೆ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಒಂದೆರಡು ರಾತ್ರಿ ಬಿಟ್ಟರೆ ನಳಿಗೆಗೆ ತುಕ್ಕು. ಸದ್ಯ, ನೀರಿನಲ್ಲಿ ಕರಗುತ್ತದೆ. ದುಬಾರಿ ದ್ರಾವಣಗಳೇನೂ ಬೇಡ, ಸೋಪಿನ ಬಿಸಿನೀರು, ಒಣಬಟ್ಟೆ, ಎಣ್ಣೆ ಸಾಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿಯಾಗಬೇಡಿ, ಅದು ಗಂಧಕದ ಪಾಲು. ಮಸಿ ಗಟ್ಟಿಯಾಗದಿರಲೆಂದೇ ಗುಂಡಿಗೆ ಸುತ್ತುವ ಬಟ್ಟೆಗೆ ಕೊಬ್ಬು ಹಚ್ಚುತ್ತಾರೆ. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ತೋಟಾದ ಕೊಬ್ಬೂ ಗುಂಡು ಸಲೀಸಾಗಿ ಇಳಿಯಲೆಂದೇ ಇದ್ದದ್ದು.

ಮಸಿ ಬೇಡವೆಂದು ಈಗಿನ ಹೊಗೆರಹಿತ ಮದ್ದನ್ನು ತುಂಬುವ ಯೋಚನೆ ಮಾತ್ರ ಬೇಡವೇ ಬೇಡ. ಅದು ಎಬ್ಬಿಸುವ ಒತ್ತಡ ಹಲವು ಪಟ್ಟು ಹೆಚ್ಚು. ನಳಿಗೆ ಸೀಳಿದರೆ ಹೋಗುವುದು ಹಿಡಿದವರ ಎಡಗೈ, ಕಣ್ಣು.

120 ಡಾಲರಿನ ಆ ಕೋವಿಯನ್ನು ತೊಂಬತ್ತಕ್ಕೆ ಇಳಿಸಿ ಕೊಂಡೆವು. ನಳಿಗೆಗೆ ನೀರು ಹುಯ್ದು ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಗಜದ ತುದಿಗೆ ಹಿತ್ತಾಳೆಯ ತಿರುಪು ಹಾಕಿ, ಬಾಯಿಗೆ ಅಡ್ಡ ನಿಲ್ಲದೆ, ಅದನ್ನು ಸೀಸಕ್ಕೆ ಕೊರೆಸಿ ಹಿರಿಯರು ಎಳೆದರು. ಸುತ್ತಿದ್ದ ಬಟ್ಟೆಯಲ್ಲಿ ದಿಂಬಿನ ಚೀಲದ ನೀಲಿ ಪಟ್ಟೆ ಇನ್ನೂ ಮಾಸಿರಲಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಗುಂಡು 11.4 ಗ್ರಾಂ ತೂಗಿತು. ಲೆಕ್ಕದ ಪ್ರಕಾರ 11.45 ಇರಬೇಕಿತ್ತು, ತಿರುಪು ಕೊರೆದದ್ದು ಅಷ್ಟು. ಖಾಲಿ ನಳಿಗೆಗೆ ಬಿಗಿಯಾದ ಬಟ್ಟೆ ತುರುಕಿ ಗಜವನ್ನು 24 ಇಂಚು ಒತ್ತಿದಾಗ ಹಿಡಿಯ ಮೇಲಿನ ಗುರುತು ಸರಿಯಾಗಿ ಅರ್ಧ ಸುತ್ತು ತಿರುಗಿತು. 1:48. ಹೊರಬಂದ ಬಿಳಿ ಬಟ್ಟೆಯಲ್ಲಿ ಕರಿಯಿತ್ತು, ಕೆಂಪು ಅಷ್ಟಾಗಿ ಇರಲಿಲ್ಲ. ಉರಿಯದ ಮದ್ದು ತುಕ್ಕು ಹಿಡಿಸುವುದು ಕಡಿಮೆ. ಮದ್ದು ಕರಗಿದ ಬೂದುಬಣ್ಣದ ನೀರನ್ನು ಅವರು ಬಚ್ಚಲಿಗೆ ಚೆಲ್ಲಲಿಲ್ಲ. ಪೆಟ್ಲುಪ್ಪು ಗೊಬ್ಬರವೂ ಹೌದಲ್ಲವೇ ಎಂದು ಅಂಗಳದ ಗುಲಾಬಿ ಬುಡಕ್ಕೆ ಸುರಿದು, ಮಗ್ಗನ್ನು ತೊಳೆದಿಟ್ಟರು.